ಕೂಟ ಒಡೆದದ್ದು ಹೋಳಿಗೆಗಲ್ಲ

ಮೊದಲೇ ಹೇಳಿಬಿಡುತ್ತೇನೆ. ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ನಮ್ಮ ಕನ್ನಡದವರ ಕೂಟ ಎರಡಾದದ್ದು ಕಾಯಿ ಹೋಳಿಗೆಯೋ ಬೇಳೆ ಹೋಳಿಗೆಯೋ ಎನ್ನುವ ಜಗಳದಿಂದ ಅಲ್ಲ. ಕೆಂಪಮ್ಮ ಎನ್ನುವ ಹೆಂಗಸು ಬಿಟ್ಟಿ ಕೆಲಸ ಸಾಕು ಎಂದು ಕೈತೊಳೆದು ಎದ್ದಳು, ಅದಕ್ಕೆ. ಹಿಂದೆ ಅಮೆರಿಕದಲ್ಲಿ ಅಷ್ಟೊಂದು ರಾಜ್ಯಗಳು ಈ ದೇಶದ ಸಹವಾಸವೇ ಬೇಡವೆಂದು ಎದ್ದು ಹೋದವಲ್ಲ, ಅವೂ ಬಿಟ್ಟಿ ದುಡಿಸಿಕೊಳ್ಳುವುದು ತಪ್ಪಿಹೋಗುತ್ತದೆ ಎಂದೇ ಹೋದದ್ದು. ಬೇರೆ ಕಾರಣವೆಲ್ಲ ಆಮೇಲೆ ನಿಧಾನವಾಗಿ ಕೂತು ಹೊಸೆದದ್ದು.

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವಳಿಗೆ ಅಮೆರಿಕದ ಮಾತು ಯಾಕೆ ಎಂದು ಕೇಳುತ್ತೀರಿ. ಅದಕ್ಕೆ ನನ್ನ ಅಳಿಯ ಕಾರಣ. ಆಪೆರಾ ಹೌಸು, ಹಾರ್ಬರು, ಕಾಂಗರೂ ಎಲ್ಲ ನಾನೂ ನೋಡಿದೆ. ಅವು ಕ್ಯಾಲೆಂಡರಿನಲ್ಲಿ ಇರುವ ಹಾಗೇ ಇವೆ. ಅವುಗಳ ಬಗ್ಗೆ ಬರೆಯಲು ಓದಿದವರು ಬೇಕಾದಷ್ಟು ಮಂದಿ ಇದ್ದಾರೆ.

ವೆಸ್ಟ್‌ಮೀಡ್

ನನ್ನ ಮಗಳು ಮಂಜುಳ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸು. ಅವಳ ಗಂಡ ಸತೀಶ ಅಲ್ಲೇ ಒಂದು ಲ್ಯಾಬಿನಲ್ಲಿ ಜನರ ರಕ್ತ ಪರೀಕ್ಷೆ ಮಾಡುತ್ತಾನೆ. ರೈಲ್ವೆ ಸ್ಟೇಷನ್ನಿನ ಪಕ್ಕ ಬಾಡಿಗೆಯ ಫ್ಲ್ಯಾಟು. ಆ ಕಡೆ ನೋಡಿದರೆ ಆಸ್ಪತ್ರೆ, ಈ ಕಡೆ ನೋಡಿದರೆ ಆಸ್ಪತ್ರೆಗೆ ಹೋಗುವವರು. ಬೀದಿಯಲ್ಲಿ ನಡೆಯುವವರಲ್ಲಿ ಅರ್ಧ ಜನ ಕತ್ತಿಗೆ ಗುರುತಿನ ಕಾರ್ಡಿನ ಪಟ್ಟಿ ನೇತುಹಾಕಿಕೊಂಡವರು, ಇನ್ನರ್ಧ ಕೈಗೆ ಪಟ್ಟಿ ಕಟ್ಟಿಸಿಕೊಂಡವರು.

ಅಲ್ಲಿಯ ಜನ ಎದುರು ಸಿಕ್ಕವರನ್ನೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ. ಕೇಳಿ ನಿಲ್ಲುವುದಿಲ್ಲ, ಹೋಗಿಯೇಬಿಡುತ್ತಾರೆ. ನನಗೆ ಇದು ಸರಿಬರಲಿಲ್ಲ. ಕೇಳಿದ ಮೇಲೆ ಕೇಳಿಸಿಕೊಳ್ಳಬೇಕು. ಒಂದು ದಿನ ಲಿಫ್ಟಿನಲ್ಲಿ ಒಬ್ಬ ದಪ್ಪ ಬಿಳಿಯ ಕೇಳಿದ. ಅಲ್ಲಿಂದ ಅವನು ಓಡಿಹೋಗುವಂತಿರಲಿಲ್ಲ. ನನ್ನ ಮಂಡಿನೋವನ್ನು ಶುರುವಿನಿಂದ ಕನ್ನಡದಲ್ಲೇ ಹೇಳಿದೆ. ಪಾಪ, ತಲೆಯಾಡಿಸುತ್ತ ಕೇಳಿದ. ಅವನ ಮಹಡಿ ಬಂದಾಗ ನನ್ನ ಕೈಕುಲುಕಿ ಇಳಿದ. ಆಮೇಲೆ ಯಾವಾಗ ಸಿಕ್ಕಿದರೂ ನನ್ನ ಮುಖ ನೋಡುವ ಮೊದಲು ಮಂಡಿ ನೋಡುತ್ತಿದ್ದ.

ಬಿಸಿಲು ಚೆನ್ನಾಗಿದೆ ಎಂದು ಬಾಲ್ಕನಿಯಲ್ಲಿ ಅಕ್ಕಿ ಸಂಡಿಗೆ ಇಟ್ಟೆ. ಅಲ್ಲಿ ಕಾಗೆಯ ಕಾಟ ಕಾಣಲಿಲ್ಲವಾದ್ದರಿಂದ ಒಳಗೆ ಹೋಗಿ ಮಲಗಿದೆ. ಎದ್ದು ಬಂದರೆ ಕೋಳಿಯಷ್ಟು ದಪ್ಪದ ಬಿಳಿ ಗಿಳಿಗಳು, ತಲೆಯ ಮೇಲೆ ಹಳದಿ ಜುಟ್ಟು, ಪಂಕ್ತಿಯಲ್ಲಿ ಕೂತು ತಿನ್ನುತ್ತಿವೆ. ಓಡಿಸಿದರೆ ಓಡುವುದಿಲ್ಲ. ಒಂದಂತೂ ಕಾಲಿನಲ್ಲಿ ಸಂಡಿಗೆ ಹಿಡಿದುಕೊಂಡು, ನಾವು ಬಿಸ್ಕತ್ತು ತಿನ್ನುವ ಹಾಗೆ ಕಚ್ಚಿ ಕಚ್ಚಿ ತಿಂದು, ಉಪ್ಪು ಕಡಿಮೆಯಾಯಿತು ಎನ್ನುವಂತೆ ನನ್ನನ್ನು ನೋಡಿತು. ಹಿಂದೆಯೇ ಕಟ್ಟಡದ ಉಸ್ತುವಾರಿಯವನು ಬಂದು, ಹಕ್ಕಿಗಳಿಗೆ ಊಟ ಹಾಕಬಾರದು ಎಂದು ಮಂಜುಳಳಿಗೆ ಹೇಳಿಹೋದ. ಊಟ ಹಾಕಿದವರು ಯಾರಪ್ಪ? ಅವು ನನ್ನನ್ನು ದೋಚಿದವು.

ಸತೀಶ ಮೈಸೂರಿನವನು, ಒಳ್ಳೆಯ ಹುಡುಗ. ಆದರೆ ಕಿವಿಯಲ್ಲಿ ಯಾವಾಗಲೂ ಫೋನಿನದೊಂದು ಬಿಳಿ ಗುಬಟು. ಪಾತ್ರೆ ತೊಳೆಯುವಾಗಲೂ ಅದು ಇರಬೇಕು. ಏನು ಕೇಳುತ್ತೀಯ ಎಂದರೆ ಅಮೆರಿಕದವರ ಹಳೆಯ ಯುದ್ಧವಂತೆ.

"ನಿಮ್ಮಪ್ಪ ಏನಾದ್ರೂ ಆ ಯುದ್ಧಕ್ಕೆ ಹೋಗಿದ್ರೇನಪ್ಪ?" ಎಂದೆ.

"ಇಲ್ಲ ಅತ್ತೆ. ಸುಮ್ನೆ, ಇಂಟ್ರೆಸ್ಟು."

ಗಂಡಸರಿಗೆ ಕುಡಿತ ಇರುತ್ತದೆ, ಇಸ್ಪೀಟು ಇರುತ್ತದೆ. ಇವನಿಗೆ ಇದು.

ದಾರಿಯಲ್ಲಿ

ಸತೀಶನ ಅಕ್ಕ ಶೈಲಜಾ ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಇರುವವಳು. ಮದುವೆಯಾಗಿ ಬಹಳ ವರ್ಷಕ್ಕೆ ಅವಳಿಗೆ ಹೆಣ್ಣು ಮಗು ಹುಟ್ಟಿತ್ತು. ಮಗು ನೋಡಿದ ಹಾಗೂ ಆಯಿತು, ಅಲ್ಲಿಯ ಕನ್ನಡದವರ ರಾಜ್ಯೋತ್ಸವದ ಊಟ ಮಾಡಿದ ಹಾಗೂ ಆಯಿತು ಎಂದು ಹೊರಟೆವು. ಮಂಜುಳಳಿಗೆ ರಜ ಸಿಗಲಿಲ್ಲ. ಹೀಗಾಗಿ ಕಾರಿನಲ್ಲಿ ಅತ್ತೆ ಅಳಿಯ ಇಬ್ಬರೇ. ಬೆಳಿಗ್ಗೆ ಹೊರಟರೆ ಸಂಜೆಗೆ ಮುಟ್ಟುವ ದಾರಿ. ಅಳಿಯನ ಹತ್ತಿರ ಅತ್ತೆಯಾದವಳು ಅಷ್ಟು ಹೊತ್ತು ಏನು ಮಾತಾಡುತ್ತಾಳೆ? ಗೌಲ್ಬರ್ನ್ ಎನ್ನುವ ಊರು ಬರುವಷ್ಟರಲ್ಲಿ ಮಳೆ, ಬೆಳೆ, ಅವನ ಅಸಿಡಿಟಿ ಎಲ್ಲ ಮುಗಿದಿತ್ತು. ಆಗ ಅವನು ಕಾರಿನ ಸ್ಪೀಕರಿನಲ್ಲಿ ತನ್ನ ಯುದ್ಧ ಹಾಕಿದ.

ಒಬ್ಬ ಗಂಡಸು ಮೂಗಿನಲ್ಲಿ ಇಂಗ್ಲಿಷು ಮಾತಾಡುತ್ತಲೇ ಹೋದ.

"ಏನಂತಪ್ಪ ಅವನದು? ಉಸ್ರು ತಗೊಳ್ಳೋದಿಲ್ವಾ?"

ಸತೀಶ ಅವನನ್ನು ನಿಲ್ಲಿಸಿ ತಾನೇ ಕನ್ನಡದಲ್ಲಿ ಹೇಳತೊಡಗಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಮದುವೆಯಲ್ಲೂ ನೋಡಿರಲಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಬೆಳೆಯುತ್ತಿದ್ದರಂತೆ. ಬಿಡಿಸುವವರು ಆಫ್ರಿಕಾದಿಂದ ಹಿಡಿದು ತಂದ ಜನ, ಅವರ ಮಕ್ಕಳು, ಮೊಮ್ಮಕ್ಕಳು. ಎಲ್ಲರೂ ಯಜಮಾನನ ಸೊತ್ತು. ಎಮ್ಮೆ ಮಾರಿದ ಹಾಗೆ ಮಾರಬಹುದು. ತಾಯಿ ಒಬ್ಬನಿಗೆ, ಕೂಸು ಇನ್ನೊಬ್ಬನಿಗೆ.

"ಹೊಡೆದ್ರೆ ಕೇಳೋರು?"

"ಯಾರೂ ಇಲ್ಲ ಅತ್ತೆ. ಕಾನೂನೇ ಅವರ ಕಡೆ."

ಕಡೂರಿನಲ್ಲಿ ನಾನು ಹಿಟ್ಟಿನ ಗಿರಣಿ ನಡೆಸಿದವಳು. ರುದ್ರ ಎನ್ನುವವನು ಕೆಲಸಕ್ಕೆ ಇದ್ದ. ಒಂದು ಮಾತು ಬೈದರೆ ಮಾರನೆಯ ದಿನ ಬರುತ್ತಿರಲಿಲ್ಲ. ಗಿರಣಿಯ ಮುಂದೆ ರಾಗಿ ಚೀಲಗಳ ಸಾಲು ನಿಂತಿರುತ್ತಿತ್ತು, ಅವನು ಎದುರಿನ ಹೋಟೆಲಿನಲ್ಲಿ ಕೂತು ಟೀ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದ. ಅವನಿಗೆ ಹಿಡಿಶಾಪ ಹಾಕುತ್ತಿದ್ದೆ. ಆದರೆ ಬರುವುದು ಬಿಡುವುದು ಅವನ ಕೈಯಲ್ಲಿತ್ತು. ಕೂಲಿಯವನಿಗೂ ಗುಲಾಮನಿಗೂ ಇರುವ ಅಂತರ ಅದೇ ತಾನೆ?

ಉತ್ತರದ ರಾಜ್ಯಗಳಲ್ಲಿ ಗುಲಾಮರನ್ನು ಇಟ್ಟುಕೊಳ್ಳುವುದನ್ನು ಬಿಟ್ಟಿದ್ದರಂತೆ. ಪಶ್ಚಿಮಕ್ಕೆ ಹೊಸ ಹೊಸ ಜಾಗ ಸೇರುತ್ತ ಹೋದ ಹಾಗೆ ಜಗಳ ಹತ್ತಿಕೊಂಡಿತು. ಅಲ್ಲಿ ಗುಲಾಮರು ಇರಬಹುದೋ, ಇರಬಾರದೋ?

"ನಮ್ಮ ಸಿಡ್ನಿ ಅಂಚಿನ ಮಾರ್ಸ್ಡನ್ ಪಾರ್ಕ್‌ನಲ್ಲಿ ದಿನಕ್ಕೊಂದು ಹೊಸ ಬೀದಿ ಏಳ್ತಾವಲ್ಲ ಅತ್ತೆ, ಹಾಗೆ ಅಂದ್ಕೊಳಿ. ಪ್ರತಿ ಬೀದಿಗೂ ಜಗಳ."

ಗುಂಡಗೈ ಎನ್ನುವ ಊರಿನಲ್ಲಿ ಕಾರು ನಿಲ್ಲಿಸಿದ. ಅಲ್ಲಿ ಒಂದು ನಾಯಿಯ ವಿಗ್ರಹವಿದೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಕಡೆ ಆಗಿದ್ದರೆ ಇಷ್ಟು ಹೊತ್ತಿಗೆ ಕುಂಕುಮ ಬಿದ್ದು, ಹುಂಡಿ ಇಟ್ಟು, ಚಪ್ಪಲಿ ಕಾಯುವವನೂ ಕೂತಿರುತ್ತಿದ್ದ. ಸತೀಶ ತರಕಾರಿಯ ಪೈ ಕೊಡಿಸಿದ. ಒಳಗಿನ ಬಿಸಿ ಪಲ್ಯ ನನ್ನ ಸೀರೆಯ ಮೇಲೆ ಸುರಿದು ನೆರಿಗೆಯೊಳಗೆ ಇಳಿಯಿತು. ಒರೆಸಿಕೊಳ್ಳುತ್ತಲೇ ಕೇಳಿದೆ.

"ಓಡಿಹೋಗ್ತಿರಲಿಲ್ವಾ ಅವರು?"

"ಹೋಗ್ತಿದ್ರು. ಉತ್ತರಕ್ಕೆ. ಓಡಿ ಬಂದವರನ್ನ ಹಿಡಿದು ವಾಪಸ್ ಒಪ್ಪಿಸಬೇಕು ಅಂತ ಕಾನೂನು ಮಾಡಿಸಿದ್ರು ದಕ್ಷಿಣದವರು. ಉತ್ತರದ ಕೆಲವು ರಾಜ್ಯ, ನಾವು ಹಿಡಿದುಕೊಡಲ್ಲ ಅಂತು. ಅದಕ್ಕೆ ದಕ್ಷಿಣದವರಿಗೆ ಉರಿದುಹೋಯ್ತು."

"ಆಮೇಲೆ?"

"ಆಮೇಲೆ ಹೊಸ ಅಧ್ಯಕ್ಷ ಬಂದ. ಅವನು ಇರೋ ಗುಲಾಮರನ್ನ ಬಿಡಿಸ್ತೀನಿ ಅಂತಾನೂ ಅಂದಿರ್ಲಿಲ್ಲ ಅತ್ತೆ. ಹೊಸ ಜಾಗಕ್ಕೆ ಇದು ಹರಡಬಾರ್ದು ಅಂದ, ಅಷ್ಟೇ. ಅವನು ಕುರ್ಚಿ ಮೇಲೆ ಕೂರೋ ಮೊದಲೇ ದಕ್ಷಿಣ ಕರೊಲಿನಾ ಅನ್ನೋ ರಾಜ್ಯ, ನಾವು ಈ ದೇಶದಲ್ಲಿಲ್ಲ ಅಂತ ಎದ್ದುಹೋಯ್ತು. ಹಿಂದೇನೇ ಇನ್ನೊಂದು, ಮತ್ತೊಂದು. ಎಲ್ಲ ಸೇರಿ ಬೇರೆ ದೇಶ ಅಂತ ಬೋರ್ಡ್ ಹಾಕಿದ್ರು. ಅಲ್ಲಿಂದ ಯುದ್ಧ."

"ಹೋಗುವಾಗ ಏನು ಕಾರಣ ಕೊಟ್ರು?"

ಸತೀಶ ಪೈ ಕೆಳಗಿಟ್ಟ. ಅವನ ಕಣ್ಣು ಹೊಳೆಯುತ್ತಿತ್ತು. "ಹೋಗುವಾಗ ನೇರವಾಗೇ ಹೇಳಿದ್ರು ಅತ್ತೆ, ಗುಲಾಮಗಿರಿ ಉಳಿಸ್ಕೊಳ್ಳೋಕೆ ಅಂತ. ಸೋತ ಮೇಲೆ ರಾಗ ಬದಲಾಯ್ತು. ನಮ್ಮ ರಾಜ್ಯ ನಮ್ಮ ಹಕ್ಕು, ತೆರಿಗೆ, ಮರ್ಯಾದೆ, ನಮ್ಮ ಪದ್ಧತಿ. ಈಗಲೂ ಹಾಗೇ ಹೇಳೋರಿದ್ದಾರೆ."

"ರಾಜ್ಯದ ಹಕ್ಕು ಅನ್ನೋರು, ಹಿಡಿದುಕೊಡಲ್ಲ ಅಂದ ರಾಜ್ಯದ ಮೇಲೆ ಯಾಕೆ ಉರ್ಕೊಂಡ್ರು? ಅದೂ ಅವರ ಹಕ್ಕೇ ಅಲ್ವಾ?"

"ಅದೇ ಅತ್ತೆ! ಅದೇ!" ಎಂದು ಮೇಜು ಗುದ್ದಿದ. ನಾಯಿಯ ಫೋಟೋ ತೆಗೆಯುತ್ತಿದ್ದ ಹೆಂಗಸು ತಿರುಗಿ ನೋಡಿದಳು.

ಕ್ಲೈಡ್ ನಾರ್ತ್

ಅಲ್ಲಿಯ ಮನೆಗಳನ್ನೆಲ್ಲ ಒಂದೇ ಅಚ್ಚಿನಿಂದ ತೆಗೆದಿದ್ದಾರೆ. ಸತೀಶ ಮೊದಲು ತಪ್ಪು ಮನೆಯ ಬಾಗಿಲು ತಟ್ಟಿದ. ತೆಗೆದವರು ಪಂಜಾಬಿಗಳು. ಎಷ್ಟು ಜನ ಹೀಗೆ ಬರುತ್ತಾರೋ ಏನೋ, ನಾವು ಬಾಯಿ ತೆಗೆಯುವ ಮೊದಲೇ ಆಚೆ ಬೀದಿಯ ಕಡೆ ಕೈತೋರಿಸಿದರು.

ಶೈಲಜಾ ಕಾಲಿಗೆ ಬಿದ್ದಳು. ಅವಳ ಗಂಡ ಪ್ರದೀಪ ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದು ಕೈಮುಗಿದು ಮತ್ತೆ ಅಲ್ಲಿಗೇ ಹೋದ. ಮಗು ಚೆಂದವಾಗಿತ್ತು, ಬೋರಲು ಬೀಳುವಷ್ಟು ದೊಡ್ಡದಾಗಿತ್ತು. ಅದನ್ನು ಎತ್ತಿಕೊಂಡು ಹಿಂದೆ ನಿಂತವಳೇ ಕೆಂಪಮ್ಮ.

ಸತೀಶ ಅವಳನ್ನು ನೋಡಿ ಚಿಕ್ಕ ಹುಡುಗನ ಹಾಗೆ ನಕ್ಕ. ಮೈಸೂರಿನ ಅವರ ಮನೆಗೆ ಕೆಂಪಮ್ಮ ಹುಡುಗಿಯಾಗಿದ್ದಾಗಲೇ ಕೆಲಸಕ್ಕೆ ಬಂದವಳು. ಇವರ ತಾಯಿ ತೀರಿಹೋದ ಮೇಲೆ ಎರಡೂ ಮಕ್ಕಳನ್ನು ಸಾಕಿದವಳು. "ನನ್ನ ಕುಂಡಿ ತೊಳೆದವಳು ಅತ್ತೆ ಇವಳು" ಎಂದ ಸತೀಶ. "ತೊಳೆದದ್ದು ಒಂದ್ ಸಲವಾ ಎರಡ್ ಸಲವಾ, ಒಂದೇ ಸಮನೆ ಮಾಡೋನು" ಎಂದಳು ಅವಳು. ಶೈಲಜಾ ಬಾಣಂತನಕ್ಕೆಂದು ಅವಳನ್ನು ಚಿಕ್ಕಮ್ಮ ಎಂದು ಹೇಳಿ ವೀಸಾ ಮಾಡಿಸಿ ಕರೆಸಿಕೊಂಡಿದ್ದಳು.

ಬಾಣಂತನ ಎಂದೋ ಮುಗಿದಿತ್ತು. ಕೆಂಪಮ್ಮನ ಕೆಲಸ ಮುಗಿದಿರಲಿಲ್ಲ. ಅಡುಗೆ, ಕಸ, ಬಟ್ಟೆ, ಮಗು. ಇಷ್ಟೇ ಆಗಿದ್ದರೆ ಒಂದು ಮನೆಯದು. ಆ ಬಡಾವಣೆಯ ಕನ್ನಡದ ಮನೆಗಳವರೆಲ್ಲ ಶೈಲಜಾಗೆ ಫೋನು ಮಾಡಿ, ನಾಳೆ ನಮ್ಮಲ್ಲಿ ಪೂಜೆ, ಕೆಂಪಮ್ಮನ್ನ ಕಳಿಸ್ತೀರಾ ಎನ್ನುತ್ತಿದ್ದರು. ಇಡ್ಲಿ ಪಾತ್ರೆ ಕೇಳಿದ ಹಾಗೆ. ಇವಳು ಕಳಿಸುತ್ತಿದ್ದಳು. ತೆಗೆದುಕೊಂಡು ಹೋದವರು ಪಾತ್ರೆಯನ್ನಾದರೆ ತೊಳೆದು ವಾಪಸ್ ಕೊಡುತ್ತಾರೆ.

ಮಾರನೆಯ ದಿನ ಮಧ್ಯಾಹ್ನ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತ ಕೆಂಪಮ್ಮ ನನಗೆ ಹೇಳಿದಳು.

"ನನ್ ಮಗ್ಳು ತುಂಬು ಬಸುರಿ ಕಣವ್ವ. ಚೊಚ್ಚಲು. ತವರಲ್ಲಾಗ್ಬೇಕಲ್ವಾ? ನಮ್ಮನೆಗೆ ಬೀಗ ಬಿದ್ದದೆ. ಅವ್ಳತ್ತೆ ಹಂಗಿಸ್ತಾವ್ಳಂತೆ, ನಿಮ್ಮವ್ವ ಫಾರಿನ್ನಲ್ಲಿ ಮಜಾ ಮಾಡ್ತವ್ಳೆ, ನಿನ್ ಬಾಣಂತನ ನಾನ್ ಮಾಡ್ಬೇಕಾ ಅಂತ. ಇಲ್ಲಿ ನಾನ್ ಮಾಡ್ತಿರೋ ಮಜಾ ನೋಡಿ." ಒದ್ದೆ ಬೆಡ್‌ಶೀಟನ್ನು ಝಾಡಿಸಿದಳು.

"ಹೊರಟುಬಿಡು ಮತ್ತೆ."

"ನಾಳಿದ್ದು ಟಿಕೇಟೈತೆ. ಹಿಂದೆ ಎರಡ್ ಕಿತಾನೂ ಹಿಂಗೇ ಅಂದು ಮುಂದಕ್ ಹಾಕ್ಸುದ್ರು. ಈ ಸಲ ಕಳಿಸ್ತೀನಿ ಅಂದವ್ರೆ. ಪಾಸ್‌ಪೋಲ್ಟು ಅವ್ರತ್ರಾನೇ ಅದೆ."

ಸಂಜೆ ಶೈಲಜಾಳನ್ನು ಕೇಳಿದೆ.

"ಸೇಫಾಗಿ ಇಟ್ಟಿದೀನಿ ಆಂಟಿ. ಅವಳಿಗೆ ಓದಕ್ಕೆ ಬರಲ್ಲ, ಎಲ್ಲಾದ್ರೂ ಬಿಸಾಕ್ತಾಳೆ."

"ನಂಗೂ ಇಂಗ್ಲಿಷ್ ಓದಕ್ಕೆ ಬರಲ್ಲ ಕಣಮ್ಮ. ನಂದು ನನ್ನ ಚೀಲದಲ್ಲೇ ಇದೆ."

"ನಿಮ್ಮ ಕೇಸ್ ಬೇರೆ ಆಂಟಿ" ಎಂದಳು. "ಅವಳು ನಮ್ಮನೆಯವಳೇ. ಊಟ, ಬಟ್ಟೆ, ಎಲ್ಲಾ ನಾವೇ. ಅವಳಿಗೆ ಇಲ್ಲಿ ಏನ್ ಖರ್ಚಿದೆ, ಸಂಬಳ ಯಾಕೆ?"

ಮನೆಯವಳು ಎಂದು ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗೇ ನಂಬಿದ್ದರು. ಊಟಕ್ಕೆ ಮಾತ್ರ ಕೆಂಪಮ್ಮ ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದಳು.

ಹೋಳಿಗೆ ತಟ್ಟಿದ ದಿನ

ರಾಜ್ಯೋತ್ಸವದ ಊಟಕ್ಕೆ ಹೋಳಿಗೆ ಎಂದು ತೀರ್ಮಾನವಾಗಿತ್ತು. ಹಿಂದಿನ ದಿನ ಶೈಲಜಾ ಮನೆಯ ಗ್ಯಾರೇಜಿನಲ್ಲಿ ಹೆಂಗಸರೆಲ್ಲ ಸೇರಿದರು. ಕಾರು ಆಚೆ, ಒಲೆ ಒಳಗೆ. ಗೋಡೆಗೆ ಹಳದಿ ಕೆಂಪು ಬಾವುಟ. ಬೆಳಿಗ್ಗೆ ಸೆಕೆ, ಹತ್ತು ಗಂಟೆಗೆ ಚಳಿ, ಊಟದ ಹೊತ್ತಿಗೆ ಮಳೆ. ಅಲ್ಲಿಯ ಹವೆಯೇ ಹಾಗೆ. ಹೆಂಗಸರು ಸ್ವೆಟರು ಹಾಕಿ ತೆಗೆದು ಹಾಕಿ ತೆಗೆದು ಅದರಲ್ಲೇ ಬೆವತರು.

ಹೋಳಿಗೆ ತಟ್ಟುತ್ತಿದ್ದವಳು ಕೆಂಪಮ್ಮ ಒಬ್ಬಳೇ. ಉಳಿದವರು ಕಾಯಿ ಹೂರಣ ಶ್ರೇಷ್ಠವೋ ಬೇಳೆ ಹೂರಣ ಶ್ರೇಷ್ಠವೋ ಎಂದು ಮಾತಾಡುತ್ತಿದ್ದರು. ನಗುನಗುತ್ತಲೇ ಆಡುತ್ತಿದ್ದ ಮಾತು. ಯಾರಿಗೂ ಕೋಪ ಇರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಿ.

ಕೆಂಪಮ್ಮ ಎಣ್ಣೆಗೈಯನ್ನು ಹಾಗೇ ಹಿಡಿದುಕೊಂಡು ಕೇಳಿದಳು, "ಶೈಲವ್ವ, ನಾಳೀಕ್ ಬಟ್ಟೆ ಕಟ್ಕಳ್ಲಾ? ಯಾವೊತ್ಗೆ ಇಮಾನ?"

ಶೈಲಜಾ ಫೋನು ನೋಡುತ್ತಲೇ ಹೇಳಿದಳು. "ಟಿಕೆಟ್ ಮುಂದಕ್ಕೆ ಹಾಕ್ಸಿದೀನಿ ಕೆಂಪಮ್ಮ. ಕ್ರಿಸ್ಮಸ್ ಆಗ್ಲಿ. ನಾನೂ ಆಫೀಸಿಗೆ ಹೋಗ್ಬೇಕಲ್ಲ."

ಹಂಚಿನ ಮೇಲಿದ್ದ ಹೋಳಿಗೆ ಸೀದ ವಾಸನೆ ಬಂತು. ಕೆಂಪಮ್ಮ ಅದನ್ನು ತೆಗೆದಿಟ್ಟಳು, ಒಲೆ ಆರಿಸಿದಳು. ಮೂಲೆಯ ನಲ್ಲಿಯಲ್ಲಿ ಮೊಳಕೈವರೆಗೂ ಸೋಪು ಹಚ್ಚಿ ಕೈತೊಳೆದಳು. ಸೆರಗಿಗೆ ಒರೆಸಿಕೊಂಡು ಚಪ್ಪಲಿ ಮೆಟ್ಟಿ ಮಳೆಯಲ್ಲೇ ಹೊರಟುಹೋದಳು.

"ಎಲ್ಲಿ ಹೋಗ್ತಾಳೆ, ಬರ್ತಾಳೆ ಬಿಡಿ" ಎಂದಳು ಶೈಲಜಾ.

ಬರಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ಬಂತು. ಹಿಂದಿನ ಬೀದಿಯ ವಸುಧಾ, ರಿಟೈರಾದ ಡಾಕ್ಟರು, ನನ್ನ ವಯಸ್ಸಿನವಳು. ಕೆಂಪಮ್ಮನನ್ನು ಜೊತೆಯಲ್ಲಿ ಕೂರಿಸಿಕೊಂಡು ಊಟ ಹಾಕಿದ್ದ ಮನೆ ಅದೊಂದೇ. ಶೈಲಜಾ ಗಾಬರಿಯಲ್ಲಿ ಸ್ಪೀಕರು ಒತ್ತಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಕೆಂಪಮ್ಮ ಇಲ್ಲಿದಾಳೆ. ಟೀ ಕುಡೀತಿದಾಳೆ. ಅವಳ ಪಾಸ್‌ಪೋರ್ಟ್ ಕಳ್ಸಿಕೊಡು ಶೈಲಾ."

"ವಸುಧಾ ಆಂಟಿ, ಪ್ಲೀಸ್, ಅವಳನ್ನ ವಾಪಸ್ ಕಳ್ಸಿ. ಇದು ನಮ್ಮನೆ ವಿಷಯ."

"ಅವಳಾಗಿ ಬಂದಳು. ಅವಳಾಗಿ ಹೊರಟರೆ ನಾನು ತಡೆಯಲ್ಲ. ನಾನಾಗಿ ಕಳ್ಸಲ್ಲ" ಎಂದು ಇಟ್ಟುಬಿಟ್ಟಳು.

ಗಂಡಸರೂ ಬಂದು ಸೇರಿದರು. ಒಂದಷ್ಟು ಹೋಳಿಗೆ, ಒಂದಷ್ಟು ಕಣಕ, ಸುತ್ತ ನಿಂತ ಜನ.

"ವಸುಧಾ ಆಂಟಿ ಮಾಡಿದ್ದು ಸರಿಯಲ್ಲ" ಎಂದ ಒಬ್ಬ ಗಡ್ಡದವನು. "ಅವರವರ ಮನೇಲಿ ಹೇಗಿರ್ಬೇಕು ಅನ್ನೋದು ಅವರವರ ಹಕ್ಕು. ಹೊರಗಿನವರು ಯಾಕೆ ತಲೆ ಹಾಕ್ಬೇಕು?"

"ಹಾಗಾದ್ರೆ ವಸುಧಾ ಆಂಟಿ ಮನೇಲಿ ಯಾರನ್ನ ಇಟ್ಕೋಬೇಕು ಅನ್ನೋದು ಅವರ ಹಕ್ಕಲ್ವಾ?" ಎಂದಳು ಮೂಗುತಿಯ ಒಬ್ಬ ಹುಡುಗಿ.

"ನೀನು ಸುಮ್ನಿರಮ್ಮ. ಮೊನ್ನೆ ನಿಮ್ಮ ಗೃಹಪ್ರವೇಶಕ್ಕೆ ಅಡುಗೆ ಮಾಡಿದ್ಯಾರು?"

"ಕೆಂಪಮ್ಮನೇ. ಅದಕ್ಕೇ ನಾಚಿಕೆ ಆಗ್ತಿದೆ."

"ಇವತ್ತು ಕೆಂಪಮ್ಮ ಅಂತೀರಿ. ನಾಳೆ ನಮ್ಮಮ್ಮ ಬಂದು ಚಪಾತಿ ಒತ್ತಿದ್ರೂ ಸ್ಲೇವರಿ ಅಂತೀರಾ?"

"ನಿಮ್ಮಮ್ಮಂಗೆ ಬೇಜಾರಾದ್ರೆ ವಾಪಸ್ ಹೋಗೋದನ್ನ ನೀವು ತಡೀತೀರಾ?"

"ಇಲ್ಲೇ ನೆಲೆಸೋಕೆ ಪಿಆರ್ ಅಪ್ಲಿಕೇಶನ್ ಹಾಕಿರೋರು ಇದ್ದಾರೆ ಇಲ್ಲಿ. ಮೆಲ್ಲಗೆ ಮಾತಾಡ್ರಪ್ಪ."

ಆ ಮೇಲೆ ಯಾರು ಏನೆಂದರೋ ತಿಳಿಯಲಿಲ್ಲ, ಎಲ್ಲರೂ ಒಟ್ಟಿಗೆ ಕೂಗಿದರು. ಗಡ್ಡದವನು ಫೋನು ತೆಗೆದು ಕೂಟದ ಗ್ರೂಪಿನಿಂದ ಹೊರಗೆ ಹೋದ. ಹೋಗುವಾಗ ಆ ಯಂತ್ರ ಎಲ್ಲರಿಗೂ ಹೇಳುತ್ತದಂತೆ, ಇಂಥವರು ಬಿಟ್ಟರು ಎಂದು. ಎಲ್ಲರ ಜೇಬಿನಲ್ಲೂ ಟಿಣ್ ಎಂದಿತು. ಅವನ ಹಿಂದೆ ಇನ್ನೊಂದು ಮನೆ, ಟಿಣ್. ಮತ್ತೊಂದು ಮನೆ, ಟಿಣ್. ಒಂದು ಮನೆಯಲ್ಲಿ ಗಂಡ ಬಿಟ್ಟ, ಹೆಂಡತಿ ಬಿಡಲಿಲ್ಲ. ಕೊನೆಗೆ ಶೈಲಜಾ. ಮಳೆ ನಿಲ್ಲುವಷ್ಟರಲ್ಲಿ ಹೊಸ ಗ್ರೂಪು, ಹೊಸ ಹೆಸರು, ಊಟಕ್ಕೆ ಬಾಡಿಗೆಯ ಬೇರೆ ಹಾಲ್, ಬೇರೆ ರಾಜ್ಯೋತ್ಸವ. ನಾಡು ಒಂದಾದ ದಿನವನ್ನು ಬೇರೆ ಬೇರೆ ಆಗಿ ಆಚರಿಸುವುದೆಂದು ತೀರ್ಮಾನವಾಯಿತು.

ಅಮೆರಿಕದವರು ಹೋಗುವಾಗ ನಿಜ ಹೇಳಿ ಹೋಗಿದ್ದರಂತೆ. ಕಾರಣ ಬದಲಾಯಿಸಲು ಸೋಲುವವರೆಗಾದರೂ ಕಾದರು, ನಮ್ಮವರು ಅಷ್ಟು ಹೊತ್ತೂ ಕಾಯಲಿಲ್ಲ. ಹೊಸ ಗ್ರೂಪಿನಲ್ಲಿ ಹಾಕಿದ ಮೊದಲ ಸಮಾಚಾರವನ್ನು ಸತೀಶ ನನಗೆ ಓದಿ ಹೇಳಿದ. ನಮ್ಮ ಸಾಂಪ್ರದಾಯಿಕ ಬೇಳೆ ಹೋಳಿಗೆಗೆ ಹಳೆಯ ಕೂಟದಲ್ಲಿ ಗೌರವ ಇಲ್ಲದ ಕಾರಣ ನಾವು ಪ್ರತ್ಯೇಕವಾಗಿದ್ದೇವೆ ಎಂದು. ಕೆಂಪಮ್ಮನ ಹೆಸರೇ ಇರಲಿಲ್ಲ.

ಕೆಂಪಮ್ಮನನ್ನು ಯಾರೂ ಸಂತೆಯಲ್ಲಿ ನಿಲ್ಲಿಸಿ ಮಾರಲಿಲ್ಲ, ಚಾಟಿಯಲ್ಲಿ ಹೊಡೆಯಲಿಲ್ಲ. ಎರಡೂ ಒಂದೇ ಎಂದರೆ ಆ ಹತ್ತಿ ಬಿಡಿಸಿದವರಿಗೆ ಮಾಡಿದ ಅವಮಾನ. ಎದ್ದು ಹೋದವರು ಆಡುವ ಮಾತು ಮಾತ್ರ ಅಲ್ಲೂ ಇಲ್ಲೂ ಅದೇ.

ಅದೇ ಸಂಜೆ

ಶೈಲಜಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದಳು. ಪ್ರದೀಪ ಅತ್ತಿಂದಿತ್ತ ಓಡಾಡುತ್ತಿದ್ದ. ನಾನು ಪಾಸ್‌ಪೋರ್ಟ್ ಕೊಡು ಎಂದೆ.

"ಅತ್ತೆ, ನೀವು ಮಧ್ಯೆ ಬರ್ಬೇಡಿ" ಎಂದ ಸತೀಶ. "ಅಕ್ಕನ ಮನೆ, ಅಕ್ಕನ ಡಿಸಿಷನ್."

"ಯಾರಪ್ಪ ಮಾತಾಡ್ತಿರೋದು? ನೀನಾ, ಸೋತ ಮೇಲೆ ರಾಗ ಬದಲಾಯಿಸಿದೋರಾ?"

ಅವನ ಮುಖ ಕೆಂಪಾಯಿತು.

"ಗುಂಡಗೈನಲ್ಲಿ ಮೇಜು ಗುದ್ದಿ ಹೇಳಿದ್ಯಲ್ಲ, ಅದನ್ನ ನಿನ್ನ ಅಕ್ಕಂಗೂ ಹೇಳು. ಓಡಿಬಂದವರನ್ನ ವಾಪಸ್ ಕೇಳಿದ್ದು ಯಾರು, ಕೊಡಲ್ಲ ಅಂದೋರು ಯಾರು. ನಾನು ಹೇಳಿದ್ರೆ ಇಂಗ್ಲಿಷ್ ಹೆಸರು ಬರಲ್ಲ."

ಅಷ್ಟು ತಿಂಗಳಿಂದ ಕಿವಿಯಲ್ಲಿ ತುಂಬಿಕೊಂಡದ್ದು ಆಗ ಎಲ್ಲೋ ಒಳಗೆ ಬಿದ್ದಿರಬೇಕು. ಅಕ್ಕನ ಮುಂದೆ ನೆಲದ ಮೇಲೆ ಕೂತ.

"ಅಕ್ಕ, ಕೊಡು. ಅವಳ ಮಗಳೂ ಕಾಯ್ತಿದಾಳೆ ಅಲ್ಲಿ. ನಿನಗೆ ಕೆಂಪಮ್ಮ ಬೇಕು ಅನ್ನಿಸಿದ ಹಾಗೇ ಆ ಹುಡುಗಿಗೂ ಬೇಕು. ಅವಳಿಗೆ ಅಮ್ಮನೇ ಅಲ್ವಾ?"

"ನೀನೂ ಹೀಗಂತೀಯಾ?" ಶೈಲಜಾ ಅಳತೊಡಗಿದಳು. "ಅವಳು ಹೋದ್ರೆ ನಾನೇನೋ ಮಾಡ್ಲಿ? ಮಗು ಯಾರು ನೋಡ್ತಾರೆ? ಮನೆ ಯಾರು ನೋಡ್ತಾರೆ? ನಂಗ್ಯಾರಿದಾರೆ?"

ಬೆಳಿಗ್ಗೆಯಿಂದ ಆ ಮನೆಯಲ್ಲಿ ಯಾರೂ ಆಡದೆ ಇದ್ದ ನಿಜ ಅದು. ಹಕ್ಕೂ ಅಲ್ಲ, ಪದ್ಧತಿಯೂ ಅಲ್ಲ, ಹೋಳಿಗೆಯೂ ಅಲ್ಲ. ಇವಳು ಹೋದರೆ ಕೆಲಸ ಯಾರು ಮಾಡುತ್ತಾರೆ? ಹತ್ತಿ ಬೆಳೆದವರಿಗೂ ಇದ್ದದ್ದು ಇದೇ ಭಯ. ನಾನು ಅವಳನ್ನು ಸಮಾಧಾನ ಮಾಡಲಿಲ್ಲ. ಅತ್ತರೆ ಅಳಲಿ, ಸುಳ್ಳು ಹೇಳುವುದಕ್ಕಿಂತ ಅದು ವಾಸಿ.

ಓಡಾಡುತ್ತಿದ್ದ ಪ್ರದೀಪ ನಿಂತ. ಒಳಗೆ ಹೋಗಿ ಬೀರು ತೆಗೆದ ಸದ್ದಾಯಿತು. ಪಾಸ್‌ಪೋರ್ಟ್ ತಂದು ಸತೀಶನ ಕೈಗೆ ಕೊಟ್ಟ. ಹೆಂಡತಿಯ ಮುಖ ನೋಡಲಿಲ್ಲ. ಅವಳೂ ಬೇಡವೆನ್ನಲಿಲ್ಲ.

ನಾನೂ ಸತೀಶನೂ ನಡೆದುಕೊಂಡೇ ವಸುಧಾ ಮನೆಗೆ ಹೋದೆವು. ಕೆಂಪಮ್ಮ ಊಟದ ಮೇಜಿನ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪಾಸ್‌ಪೋರ್ಟ್ ತೆಗೆದುಕೊಂಡು ಬಿಚ್ಚಿ, ತನ್ನ ಫೋಟೋ ನೋಡಿ, "ಥೂ, ಕಳ್ಳಿ ಹಂಗ್ ತೆಗ್ದವ್ರೆ" ಎಂದಳು. ರವಿಕೆಯೊಳಗೆ ಇಟ್ಟುಕೊಂಡಳು. ಸತೀಶ ಅವಳ ಕಾಲ ಬಳಿ ಕೂತು ಬಿಕ್ಕಿದ. "ಎದ್ದೇಳು, ಮೂಗೊರ್ಸ್ಕೊ. ಬೆಳಿಗ್ಗೆ ನನ್ನ ಬಿಟ್ಟು ಬರೋನು ನೀನೇ" ಎಂದಳು. ವಸುಧಾಳ ಗಂಡ ಅಷ್ಟರಲ್ಲೇ ಫೋನಿನಲ್ಲಿ ಕೂತು ಮಾರನೆಯ ಬೆಳಿಗ್ಗೆಯ ವಿಮಾನಕ್ಕೆ ಟಿಕೆಟ್ ಬದಲಾಯಿಸಿದ್ದ. ಮಗಳಿಗೆ ಇನ್ನೂ ನೋವು ಶುರುವಾಗಿರಲಿಲ್ಲ. ಹೆರಿಗೆಯ ಹೊತ್ತಿಗೆ ಕೆಂಪಮ್ಮ ಮುಟ್ಟುತ್ತಾಳೆ ಎಂದು ವಸುಧಾ ಡಾಕ್ಟರ ಲೆಕ್ಕ ಹಾಕಿ ಹೇಳಿದಳು.

ಮಾರನೆಯ ಬೆಳಿಗ್ಗೆ

ಸತೀಶ ಕೆಂಪಮ್ಮನನ್ನು ಕರೆದುಕೊಂಡು ಏರ್‌ಪೋರ್ಟಿಗೆ ಹೋಗಿದ್ದ. ನಾನು ಸ್ನಾನ ಮುಗಿಸಿ ಬಂದರೆ ಅಡುಗೆಮನೆಯಲ್ಲಿ ಹಿಂದಿನ ದಿನದ ಪಾತ್ರೆ ಹಾಗೇ ಬಿದ್ದಿದೆ. ಶೈಲಜಾಳ ಕೋಣೆಯ ಬಾಗಿಲು ಹಾಕಿದೆ. ಪ್ರದೀಪ ಮಗುವನ್ನು ಎತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದಾನೆ, ಯಾರೋ ಹಿಡಿದುಕೊಳ್ಳಿ ಎಂದು ಕೊಟ್ಟು ಹೋದ ಸಾಮಾನಿನ ಹಾಗೆ. ಮಗು ಗಂಟಲು ಕಿತ್ತುಕೊಂಡು ಅಳುತ್ತಿದೆ.

"ಆಂಟಿ, ಸ್ನಾನದ ಟೈಮು. ನೀವು ಸ್ವಲ್ಪ..."

"ಪ್ಯಾಂಟು ಮಂಡಿವರೆಗೆ ಮಡಚು" ಎಂದೆ.

ಬಚ್ಚಲಿಗೆ ಕರೆದುಕೊಂಡು ಹೋಗಿ ಮಣೆ ಹಾಕಿ ಕೂರಿಸಿದೆ. ಎರಡೂ ಕಾಲು ಮುಂದಕ್ಕೆ ಚಾಚು, ಕೂಡಿಸು ಎಂದೆ. ಮಗುವನ್ನು ಅವನ ಕಾಲುಗಳ ಮೇಲೆ ಬೋರಲು ಮಲಗಿಸಿದೆ. ಅದು ಕಿರುಚಿತು. ಅವನೂ ಕಿರುಚಿದ.

"ಆಂಟಿ, ಜಾರತ್ತೆ, ಜಾರತ್ತೆ!"

"ಜಾರಲ್ಲ. ನಿನ್ನ ಮಗಳು ಅದು, ಹಿಡ್ಕೋ."

ಗಲಾಟೆಗೆ ಶೈಲಜಾ ಎದ್ದು ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಊದಿತ್ತು. ನನ್ನ ಜೊತೆ ಮಾತಿಲ್ಲ. ಎಣ್ಣೆ ತಾ ಎಂದೆ. ತಂದಳು. ಬೆನ್ನಿಗೆ ಹಚ್ಚು ಎಂದೆ. ನೈಟಿಯನ್ನು ಮಂಡಿಗೆ ಸಿಕ್ಕಿಸಿಕೊಂಡು ಗಂಡನ ಕಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹಚ್ಚತೊಡಗಿದಳು. ನೀರಿನ ಬಿಸಿಯನ್ನು ಮೊಳಕೈ ಅದ್ದಿ ನೋಡಿದೆ, ಹದವಾಗಿತ್ತು. ಚೊಂಬನ್ನು ಅವಳ ಕೈಗೆ ಕೊಟ್ಟು ನಾನು ಆಚೆ ಬಂದೆ. ಬಚ್ಚಲ ಬಾಗಿಲಿಗೆ ಒಂದು ಕುರ್ಚಿ ಎಳೆದುಕೊಂಡು ಕೂತೆ.